ಪ್ರೊಜೆಕ್ಟರಿನ ಹಣೆಗೆ ಬೊಟ್ಟು

ನಮ್ಮ ಭಾವನಂಥ ಅಪ್ಪಟ ವಿಜ್ಞಾನಿಯನ್ನು ನೀವು ಕಂಡಿರಲಿಕ್ಕಿಲ್ಲ. ಹಣೆಗೆ ಕುಂಕುಮವಿಡದೆ ಯಾವ ಸ್ವಿಚ್ಚನ್ನೂ ಒತ್ತಿದವರಲ್ಲ! ತಮ್ಮ ಹಣೆಗಲ್ಲ, ಯಂತ್ರದ ಹಣೆಗೆ. ಟೋಸ್ಟರಿಗೆ ಹಣೆ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ, ಭಾವನಿಗೆ ಗೊತ್ತಿತ್ತು.

ಒಂದು ಆಯುಧಪೂಜೆಗೆ ಟೀವಿಯ ಗಾಜಿನ ನಡುವೆಯೇ ಇಟ್ಟರು. ವಾರವಿಡೀ ಅಮೆರಿಕದ ಸುದ್ದಿಗಾರ ಕುಂಕುಮ ಧರಿಸಿ ಯುದ್ಧದ ವರದಿ ಓದಿದ.

“ಒರಸ್ರೀ ಅದನ್ನ! ಮಂದಿ ಬಂದ್ರ ಏನಂತಾರ?” ಎಂದಳು ಅಕ್ಕ.

“ಇರ್ಲಿ ಬಿಡ, ಅಂವಗ ಛಲೋ ಕಾಣಸ್ತದ!”

ಎಪ್ಪತ್ತನೇ ಇಸವಿಯ ಆಸುಪಾಸು ಅಮೆರಿಕದ ಪಿಸ್ಕಾಟವೇ ಊರಿನ ಬಳಿಯ ಶಾಲೆಯೊಂದರಲ್ಲಿ, ಓವರ್‌ಹೆಡ್ ಪ್ರೊಜೆಕ್ಟರ್ ಬಳಸುವುದನ್ನು ಟೀಚರುಗಳಿಗೆ ಕಲಿಸುವುದು ಭಾವನ ಕೆಲಸ. ಗಾಜಿನ ಮೇಲೆ ಬರೆದದ್ದನ್ನು ಪರದೆಯ ಮೇಲೆ ದೊಡ್ಡದಾಗಿ ಮೂಡಿಸುವ ದೀಪದ ಪೆಟ್ಟಿಗೆ ಅದು. ಒಬ್ಬರು ಅಮೆರಿಕದ ನಕಾಶೆಯನ್ನು ತಲೆಕೆಳಗಾಗಿಟ್ಟು ಅರ್ಧ ಗಂಟೆ ಪಾಠ ಮಾಡಿದರು. ಫ್ಲಾರಿಡಾ ಆಕಾಶಕ್ಕೆ ಚುಚ್ಚುತ್ತಿತ್ತು. ಮಕ್ಕಳು ಬಾಯಿ ಬಿಡಲಿಲ್ಲ, ಪಾಪ, ಸಭ್ಯರು!

ಕೆಲಸ ಮಾತ್ರ ಕಾಯಂ ಅಲ್ಲ. ಅಕ್ಟೋಬರಿನಲ್ಲಿ ಮೇಲಧಿಕಾರಿಗಳು ಬಂದಾಗ ಒಬ್ಬರೇ ಒಬ್ಬ ಟೀಚರ್ ಯಂತ್ರ ಬೇಡವೆಂದರೂ ಯಂತ್ರವೂ ವಾಪಸ್ಸು, ಭಾವನೂ ಮನೆಗೆ. ಎಲ್ಲರೂ ದಾರಿಗೆ ಬಂದರು, ನಿವೃತ್ತಿಗೆ ನಾಲ್ಕೈದು ವರ್ಷವಷ್ಟೇ ಉಳಿದಿದ್ದ ಜಾಮಿಟ್ರಿ ಟೀಚರ್ ಒಬ್ಬರನ್ನು ಬಿಟ್ಟು.

“ಸೀಮೆಸುಣ್ಣದ ಬಲ್ಬು ಎಂದಾದರೂ ಸುಟ್ಟುಹೋದದ್ದುಂಟೇನಯ್ಯಾ?” ಎಂದು ಕಂಡಾಗಲೆಲ್ಲ ಆಕೆಯ ಪ್ರಶ್ನೆ.

ಅಧಿಕಾರಿಗಳು ಬಂದದ್ದು ಆಯುಧಪೂಜೆಯ ಮರುದಿನ. ನಾನು ಓದುತ್ತಿದ್ದ ಯೂನಿವರ್ಸಿಟಿಗೆ ಅಂದು ರಜೆ. ತಮಾಷೆ ನೋಡಲು ಹೋಗಿದ್ದೆ. ಭಾವ ದೀಪ ಹಾಕಿದರು. ಪರದೆಯ ನಟ್ಟನಡುವೆ ತಟ್ಟೆಯಷ್ಟು ದೊಡ್ಡ ಬೊಟ್ಟು! ಕೆಂಪಗಿತ್ತು ಎಂದು ನನ್ನ ನೆನಪು. ಕುಂಕುಮ ಬೆಳಕನ್ನು ತಡೆಯುತ್ತದೆ, ನೆರಳು ಕಪ್ಪೇ ಎಂದು ಭಾವನ ವಾದ. ಭೌತಶಾಸ್ತ್ರ ಅವರ ಕಡೆಗಿದೆ. ಆದರೂ ನಾನು ಕೆಂಪನ್ನು ಬಿಟ್ಟುಕೊಡಲಾರೆ.

“ಏನದು?” ಎಂದರು ಅಧಿಕಾರಿ.

ಭಾವ ಕರ್ಚೀಫು ತೆಗೆದರು. ಪೂಜೆಯ ಕುಂಕುಮ; ಕೈ ಮುಂದಕ್ಕೆ ಹೋಗಲೊಲ್ಲದು. ನೌಕರಿ ಮಾತ್ರ ಹೋಗಲು ತಯಾರಾಗಿ ನಿಂತಿತ್ತು.

“ಒರೆಸಬೇಡ!” ಹಿಂದಿನ ಸಾಲಿನಿಂದ ಜಾಮಿಟ್ರಿ ಟೀಚರ್ ಎದ್ದು ಬಂದರು. ಭಾವನ ಜೇಬಿನಿಂದಲೇ ಮೇಣದ ಪೆನ್ಸಿಲ್ ಕಿತ್ತುಕೊಂಡು ಬೊಟ್ಟಿನ ಸುತ್ತ ಗಾಜಿನ ಮೇಲೆ ಒಂದು ವೃತ್ತ ಎಳೆದರು. “ಮಕ್ಕಳೇ, ಕೇಂದ್ರ ಯಾವುದು ಎಂದು ಇನ್ನು ಮುಂದೆ ಯಾರೂ ಕೇಳಕೂಡದು.”

ಮಕ್ಕಳೇ? ಕೂತಿದ್ದವರೆಲ್ಲ ಟೀಚರುಗಳು ಮತ್ತು ಅಧಿಕಾರಿಗಳು! ಪಾಠ ಮುಗಿಯುವವರೆಗೆ ಯಾರೂ ಏಳಲಿಲ್ಲ. ಭಾವ ಉಳಿದುಕೊಂಡರು.

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲೂ ಆಕೆಯ ತಗಾದೆ: “ನನ್ನ ಕೇಂದ್ರ ಎಲ್ಲಿ?”

ಒಂದು ವರ್ಷ ಹಬ್ಬದ ಹೊತ್ತಿಗೆ ಭಾವ ಅಪೆಂಡಿಕ್ಸ್ ತೆಗೆಸಿಕೊಂಡು ಆಸ್ಪತ್ರೆಯಲ್ಲಿದ್ದರು. “ಹೋಗಿ ಒಂದು ಬೊಟ್ಟು ಇಟ್ಟು ಬಾರಪಾ,” ಎಂದು ನನ್ನನ್ನು ಅಟ್ಟಿದರು. ಕುಂಕುಮದ ಪೊಟ್ಟಣ ಹಿಡಿದು ಹೋದೆ. ಗಾಜಿನ ಮೇಲೆ ಬೊಟ್ಟು ಆಗಲೇ ಇತ್ತು. ಲಿಪ್‌ಸ್ಟಿಕ್ಕಿನದು! ಸ್ಕೇಲಿಟ್ಟು ನಡು ಹುಡುಕಿದ ಗೀರುಗಳು ಇನ್ನೂ ಅಳಿಸಿರಲಿಲ್ಲ.

“ಅವನೇ ಈಗ ರಿಪೇರಿಯಲ್ಲಿದ್ದಾನಲ್ಲ,” ಎಂದರು ಟೀಚರ್, ನನ್ನ ಪೊಟ್ಟಣ ನೋಡಿ. “ಅದನ್ನು ಅಲ್ಲಿಗೇ ತೆಗೆದುಕೊಂಡು ಹೋಗು.”

ಆಸ್ಪತ್ರೆಗೆ ಹೋಗಿ ಹಾಗೆಯೇ ಹೇಳಿದೆ. ಭಾವ ನಗಲು ಹೋಗಿ ಹೊಲಿಗೆ ಹಿಡಿದುಕೊಂಡರು. ಆಮೇಲೆ, ಟೋಸ್ಟರಿಗೂ ಟೀವಿಗೂ ಇಟ್ಟು ತಮಗೆಂದೂ ಇಟ್ಟುಕೊಳ್ಳದ ಮನುಷ್ಯ, ಕಣ್ಣು ಮುಚ್ಚಿ ಹಣೆಯನ್ನು ನನ್ನ ಕಡೆಗೆ ಮಾಡಿದರು.