ಬೀಜಗಣಿತದ ಬೀಗಿತ್ತಿ

ನನ್ನ ಮೊಮ್ಮಗಳನ್ನು ನನ್ನಿಂದ ಕಿತ್ತುಕೊಂಡಿದ್ದು ಒಂದೇ ಒಂದು ಅಕ್ಷರ. ಇಂಗ್ಲಿಷಿನ ಎಕ್ಸು. ಬಾಯಿ ತೆರೆದ ಕತ್ತರಿಯ ಹಾಗಿರುತ್ತದಲ್ಲ, ಅದೇ. ಕತ್ತರಿಯ ಕೆಲಸವನ್ನೇ ಮಾಡಿತು.

ಲೆಕ್ಕದ ಪರೀಕ್ಷೆಯಲ್ಲಿ ಹುಡುಗಿ ಮುಗ್ಗರಿಸಿದ್ದೇ ನೆಪ, ಸೊಸೆ ತನ್ನ ತಾಯಿಯನ್ನು ಕರೆಸಿಕೊಂಡಳು. ನಮ್ಮ ಬೀಗಿತ್ತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವರು. ನಾನೋ, ಮೂರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವಳು. (ಮಗ್ಗಿ ಮಾತ್ರ ಇಪ್ಪತ್ತರವರೆಗೆ ಈಗಲೂ ಬರುತ್ತೆ. ಯಾರೂ ಕೇಳೋದಿಲ್ಲ.) ಅವರು ಬಂದಿಳಿದ ಸಂಜೆಯೇ ಮೊಮ್ಮಗಳು ದಿಂಬು ಹೊದಿಕೆ ಎತ್ತಿಕೊಂಡು ನನ್ನ ಕೋಣೆಯಿಂದ ಹೊರಟಳು. ನಮ್ಮವರು ಹೋದ ಮೇಲೆ ಪಕ್ಕದ ಮಂಚ ತುಂಬಿದ್ದವಳು ಅವಳೇ.

"ಎಲ್ಲಿಗೇ?"

"ಟೀಚರಜ್ಜಿ ಬೆಳಗ್ಗೆ ಬೇಗ ಎಬ್ಬಿಸಿ ಹೇಳಿಕೊಡ್ತಾರಂತೆ. ಪರೀಕ್ಷೆ ಮುಗಿಯೋವರೆಗೂ ಅಲ್ಲೇ ಅಜ್ಜಿ."

ನನಗೇನೂ ಹೊಟ್ಟೆಕಿಚ್ಚಾಗಲಿಲ್ಲ. ಹೊಟ್ಟೆ, ಎದೆ, ಗಂಟಲು ಎಲ್ಲ ಒಟ್ಟಿಗೇ ಉರಿಯಿತು, ಅಷ್ಟೆ.

ಮಾರನೇ ದಿನ ಬಟಾಣಿ ಬಿಡಿಸುವ ನೆಪದಲ್ಲಿ ಅವರ ಮೇಜಿನ ಕೊನೆಗೆ ಹೋಗಿ ಕೂತೆ. "ಎಕ್ಸ್‌ನ ಬೆಲೆ ಕಂಡುಹಿಡಿ" ಅಂದರು ಬೀಗಿತ್ತಿ. ಮಾರಾಟಕ್ಕೇ ಇಲ್ಲದ್ದಕ್ಕೆ ಎಂಥ ಬೆಲೆ ಅಂತ ನಾನು ಕೇಳಿದ್ದಕ್ಕೆ ಇಬ್ಬರೂ ಸೇರಿಕೊಂಡು ನಕ್ಕರು.

"ನೋಡಿ, ಈ ಕಡೆಯ ಪ್ಲಸ್ಸು ಆ ಕಡೆಗೆ ಹೋದರೆ ಮೈನಸ್ಸಾಗುತ್ತೆ. ಇದಕ್ಕೆ ಪಕ್ಷಾಂತರ ಅಂತಾರೆ."

"ನಮ್ಮನೇಲೂ ಆಗಿದೆ ಬಿಡಿ ಅಕ್ಕಾ" ಅಂದೆ.

(ಈ ಅಕ್ಕನ ಸಂಗತಿ ಹೇಳಬೇಕು. ಮಗನ ಮದುವೆ ಮಾತಿಗೆ ಹೋದ ದಿನ ಅವರ ನೆಟ್ಟನೆಯ ಬೆನ್ನು, ಕಪ್ಪು ಕೂದಲು ಕಂಡಿದ್ದೇ, ನಾನು ಮುಂದಾಗಿ "ಚೆನ್ನಾಗಿದ್ದೀರಾ ಅಕ್ಕಾ?" ಅಂದುಬಿಟ್ಟೆ. ಅಂದಿನಿಂದ ಅವರು ಹಿರಿಯರು, ನಾನು ಕಿರಿಯಳು. ಅವರಿಗೀಗ ಎಪ್ಪತ್ತು. ನನಗೆ ಅರವತ್ತೇಳು, ಸುಮಾರು ವರ್ಷದಿಂದ.)

ಆಮೇಲೆ ಸರಾಸರಿ ಶುರುವಾಯಿತು. ಇದ್ದದ್ದನ್ನೆಲ್ಲ ಕೂಡಿಸಿ, ಎಷ್ಟು ಜನವೋ ಅಷ್ಟು ಪಾಲು ಹಾಕೋದಂತೆ. ಈ ವಿದ್ಯೆ ನನಗೆ ಹಿಡಿಸಿತು.

"ಹಾಗಾದ್ರೆ ಮೊಮ್ಮಗಳು ಒಬ್ಬಳು, ಅಜ್ಜಿಯರು ಇಬ್ಬರು. ತಲೆಗೆಷ್ಟು?"

"ಅರ್ಧ!"

"ನನ್ನ ಅರ್ಧ ಎಲ್ಲಿ?"

"ಅಯ್ಯೋ ಅಜ್ಜಿ, ಸರಾಸರಿ ಇರೋದು ಬರೀ ಕಾಗದದ ಮೇಲೆ."

ತಡೆಯಲಾಗಲಿಲ್ಲ. ಅಂಕಿಯೇ ಇಲ್ಲದ ಲೆಕ್ಕವೊಂದನ್ನು ಕೊಟ್ಟು, ಮೊಮ್ಮಗಳ ಎದುರೇ ಈ ಗಣಿತಸಾಮ್ರಾಜ್ಞಿಗೆ ಮಣ್ಣು ಮುಕ್ಕಿಸಬೇಕು ಅಂತ ನಿಶ್ಚಯಿಸಿದೆ. ಮಗ ಸೊಸೆ ಎಲ್ಲರೂ ಊಟಕ್ಕೆ ಕೂತಾಗ ಬಾಣ ಬಿಟ್ಟೆ.

"ನಿನ್ನಪ್ಪ ಹುಟ್ಟಿದಾಗ ನನಗೆಷ್ಟು ವಯಸ್ಸಾಗಿತ್ತೋ, ಈಗ ಅವನಿಗೆ ಸರಿಯಾಗಿ ಅದರ ಎರಡರಷ್ಟು. ಆಗ ನನಗೆಷ್ಟು? ನಿನ್ನ ಟೀಚರಜ್ಜಿ ಹೇಳಲಿ ನೋಡೋಣ!" (ಅಂಕಿ ಕೊಟ್ಟರೆ ತಾನೇ ಕೂಡೋದು, ಕಳೆಯೋದು?)

ಬೀಗಿತ್ತಿ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು. ಗೆದ್ದೆ ಅಂದುಕೊಂಡೆ.

"ನೀನೇ ಮಾಡು ಕಂದಾ" ಅಂದರು.

"ಅಜ್ಜಿಗೆ ಆಗ ಎಕ್ಸ್. ಅಪ್ಪಂಗೆ ಈಗ ಎರಡು ಎಕ್ಸ್. ಅಪ್ಪಾ, ನಿಂಗೆ ನಲವತ್ತೆಂಟಲ್ವಾ?"

ಮಗ ಹೌದೆಂದು ತಲೆಯಾಡಿಸಿದ. (ಹೆತ್ತ ತಾಯಿಗಾಗಿ ಒಂದು ಸುಳ್ಳು ಹೇಳಬಾರದೇ!)

"ಹಾಗಾದ್ರೆ ಎಕ್ಸ್ ಇಪ್ಪತ್ನಾಲ್ಕು!"

"ಭೇಷ್! ಸಾಕು, ಅನ್ನ ಆರ್ತಾ ಇದೆ" ಅಂದೆ ಗಾಬರಿಯಲ್ಲಿ.

"ತಡಿ ಅಜ್ಜಿ. ಆಗಿನ ಇಪ್ಪತ್ನಾಲ್ಕಕ್ಕೆ ಅಪ್ಪನ ನಲವತ್ತೆಂಟು ಸೇರಿಸಿದ್ರೆ ಈಗ ನಿಂಗೆ… ಎಪ್ಪತ್ತೆರಡು!"

ಸೊಸೆ ನನ್ನತ್ತ ತಿರುಗಿದಳು. "ಅತ್ತೇ, ಅರವತ್ತೇಳು ಅಂದಿದ್ರಿ?"

"ಸರಾಸರಿ ಹೇಳಿದ್ದೆ ಕಣೇ."

ಬೀಗಿತ್ತಿ ಎದ್ದು ಬಂದರು. ತಮ್ಮ ಕುರ್ಚಿಯ ದಿಂಬನ್ನು ನನ್ನ ಬೆನ್ನಿಗೆ ಮೆತ್ತಗೆ ಕೊಟ್ಟು, "ಒರಗಿಕೊಳ್ಳಿ ಅಕ್ಕಾ" ಅಂದರು. ಆ ಅಕ್ಕನಲ್ಲಿ ಎಷ್ಟು ಸಕ್ಕರೆ! ಅನ್ನ ಅಲ್ಲೇ ಬಿಟ್ಟು ಎದ್ದೆ.

ಕೈ ತೊಳೆದು ಕೋಣೆ ಸೇರಿದ್ದೆ. ಬಾಗಿಲು ತಳ್ಳಿಕೊಂಡು ಮೊಮ್ಮಗಳು ಬಂದಳು, ದಿಂಬು ಹೊದಿಕೆ ಸಮೇತ!

"ನನ್ನ ಬಿಟ್ಟಿರೋಕಾಗಲಿಲ್ಲ ಅಲ್ವೇನೇ ಬಂಗಾರಿ?"

"ಟೀಚರಜ್ಜಿ ಕಳಿಸಿದ್ರು. ಅವರಿಗಿನ್ನೂ ಎಪ್ಪತ್ತೇ, ಒಬ್ಬರೇ ಇರ್ತಾರಂತೆ. ಇಷ್ಟು ವಯಸ್ಸಾದವರನ್ನ ಒಂಟಿಯಾಗಿ ಬಿಡಬಾರದಂತೆ. ಬಚ್ಚಲಿಗೆ ಹೋಗೋದಾದ್ರೆ ನನ್ನ ಕರಿ, ಕೈ ಹಿಡ್ಕೋತೀನಿ."

'ನನ್ನ ಕೈಕಾಲು ಗಟ್ಟಿಯಾಗಿವೆ, ಹೋಗೇ' ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪಕ್ಕದ ಮಂಚದಲ್ಲಿ ಕಾಲು ಚಾಚಿದ್ದಳು. ಬಾಯಿ ತಾನಾಗೇ ಬೇರೆ ಹೇಳಿತು.

"ನಿನ್ನ ಲೆಕ್ಕ ಎಲ್ಲೋ ತಪ್ಪಿದೆ ಕಣೇ ಮಗಾ. ನನಗೆ ಎಪ್ಪತ್ತೆಂಟೇ ಇರಬೇಕು."

"ಹಾಗಾದ್ರೆ ಎಕ್ಸ್ ಇಪ್ಪತ್ತಾರು, ಅಪ್ಪಂಗೆ ಐವತ್ತೆರಡಾಗುತ್ತೆ ಅಜ್ಜಿ!"

"ಆಗ್ಲಿ ಬಿಡು. ತಾಯಿಗೋಸ್ಕರ ನಾಲ್ಕು ವರ್ಷ ಮುದುಕನಾದರೆ ಅವನ ಗಂಟೇನು ಹೋಗುತ್ತೆ?"