ರುಚಿ ನೋಡಿದ್ದಷ್ಟೇ

ಸೊಸೆ: ಬೀಜ ಸಮೇತ ಮಿಕ್ಸಿಗೆ ಹಾಕಿಬಿಟ್ರಾ?

ಕಾಂಪೌಂಡರ್: ಬೀಜದಲ್ಲೂ ಸತ್ವ ಇರುತ್ತೆ ಕಣೇ.

ಸೊಸೆ: ಇರುತ್ತೆ, ಇಲ್ಲ ಅಂದೋರು ಯಾರು. ಆದ್ರೆ ಹಲ್ಲಿಲ್ಲದ ಬಾಯಿಗೆ ಅದು ಮರಳು. ಅತ್ತೆ ಮೊದಲ ಗುಟುಕಿಗೇ ಉಗಿದು ನನ್ನ ಮುಖ ನೋಡ್ತಾರೆ, ನಿಮ್ಮ ಮುಖ ನೋಡಲ್ಲ.

ಕಾಂಪೌಂಡರ್: ಸೋಸಿದ್ರೆ ಮುಗೀತು. ಜೀವಮಾನವೆಲ್ಲ ಸೋಸಿದ ಕೈ ಇದು.

ಸೊಸೆ: ಅದೇ ಹೆದರಿಕೆ ನನಗೆ. ನೀವು ಏನು ಸೋಸಿದ್ರೂ ಕೊನೆಗೆ ಕೆಮ್ಮಿನ ಔಷಧಿ ಆಗುತ್ತೆ.

ಅಡುಗೆಮನೆಯ ಕಟ್ಟೆಯ ಮೇಲೆ ಕಲ್ಲಂಗಡಿ ಹಣ್ಣು ಎರಡು ಹೋಳಾಗಿತ್ತು. ಒಂದು ಹೋಳು ಗಂಡನ ಪಾಲು, ಇನ್ನೊಂದು ಹೆಂಡತಿಯ ಪಾಲು. ಹಾಗೆಂದು ಯಾರೂ ಹಂಚಿರಲಿಲ್ಲ, ಜಗಳವೇ ಹಂಚಿಕೊಟ್ಟಿತ್ತು. ಗಂಡ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದು ವಯಸ್ಸಾಯಿತೆಂದು ಕೆಲಸ ಬಿಟ್ಟವನು. ಪುಟ್ಟ ಕಿಟಕಿಯ ಹಿಂದೆ ನಿಂತು ಔಷಧಿ ಕಲಸಿ, ಬಾಟಲಿಗೆ ಹೊಯ್ದು, ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸಿ ಕೊಡುತ್ತಿದ್ದ ಕಾಲದವನು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಅಂದೂ ಒಂದು ಕಂದು ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ್ದ. ಪಕ್ಕದಲ್ಲಿ ಕತ್ತರಿ, ಕಾಗದ, ಅಂಟು ಸಿದ್ಧವಾಗಿದ್ದವು.

ರಸ ಯಾರಿಗೆಂದರೆ, ನಡುಮನೆಯ ಮಂಚದ ಮೇಲಿದ್ದ ಅವನ ತಾಯಿಗೆ. ಅಜ್ಜಿ ಹಿಂದಿನ ತಿಂಗಳು ಬಚ್ಚಲಲ್ಲಿ ಜಾರಿ, ಮಂಡಿಗೆ ಪೆಟ್ಟು ಮಾಡಿಕೊಂಡು, ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಈಗ ಬೇಸಿಗೆಯ ಬಿಸಿಲು ಏರುತ್ತಿರುವಾಗಲೇ ಕುಡಿಯುವುದನ್ನು ಬಿಟ್ಟಿದ್ದಳು. ನೀರು ಸಪ್ಪೆ ಎನ್ನುವಳು, ಹಾಲು ವಾಸನೆ ಎನ್ನುವಳು, ಲೋಟ ತುಟಿಯ ಹತ್ತಿರ ತಂದರೆ ಗೋಡೆಯ ಕಡೆ ತಿರುಗುವಳು. ಬೆಳಿಗ್ಗೆ ಡಾಕ್ಟರು ಬಂದು ನಾಲಿಗೆ ನೋಡಿದರು, ಕೈ ಮೇಲಿನ ಚರ್ಮ ಚಿವುಟಿ ನೋಡಿದರು. ಅಲ್ಲಿದ್ದ ಗಾಜಿನ ಜಗ್ಗನ್ನು ತೋರಿಸಿ, ಸಂಜೆಯೊಳಗೆ ಇದರ ತುಂಬ ಏನಾದರೂ ಹೊಟ್ಟೆಗೆ ಇಳಿಯಲೇಬೇಕು, ನೋಡಲು ನರ್ಸಮ್ಮನನ್ನು ಕಳಿಸುತ್ತೇನೆ, ಇಳಿದಿಲ್ಲವೆಂದರೆ ಇವತ್ತೇ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಏರಿಸುವುದು ಎಂದು ಹೇಳಿ ಹೋದರು. ಆ ಮೆಟ್ಟಿಲು ನಾನಿನ್ನು ಹತ್ತುವುದಿಲ್ಲ ಎಂದಳು ಅಜ್ಜಿ. ಹಾಗಾದರೆ ಕುಡಿಯಿರಿ ಎಂದರೆ, ಅದೂ ಆಗುವುದಿಲ್ಲ ಎಂದಳು.

ಕಾಂಪೌಂಡರ್ ತನ್ನ ಹೋಳಿನ ರಸವನ್ನು ಸೋಸಿ ಕಂದು ಬಾಟಲಿಗೆ ತುಂಬಿದ. ಪಟ್ಟಿ ಅಂಟಿಸಿದ, ಬಿರಡೆ ಹಾಕಿ ಚೆನ್ನಾಗಿ ಅಲ್ಲಾಡಿಸಿದ. ಅಳತೆಯ ಪುಟ್ಟ ಕಪ್ಪು ಹಿಡಿದು, ಅಡುಗೆಮನೆಗೂ ನಡುಮನೆಗೂ ನಡುವೆ ಇದ್ದ ಪರದೆ ಸರಿಸಿ ಒಳಗೆ ಹೋದ.

ಕಾಂಪೌಂಡರ್: ಅಮ್ಮ, ಬಾಯಿ ತೆಗಿ. ಸಿಹಿಯಾಗಿದೆ.

ಅಜ್ಜಿ: ನೀನು ಸಿಹಿ ಅಂದಾಗಲೆಲ್ಲ ನಾನು ಆಮೇಲೆ ಸಕ್ಕರೆ ಡಬ್ಬಿ ಹುಡುಕಿದೀನಿ.

ಕಾಂಪೌಂಡರ್: ಕಲ್ಲಂಗಡಿ ಹಣ್ಣು ಅಮ್ಮ.

ಅಜ್ಜಿ: ಕಲ್ಲಂಗಡಿ ಹಣ್ಣಿಗೆ ಬಿರಡೆ ಯಾಕೋ?

ಕಾಂಪೌಂಡರ್: ಚೆಲ್ಲದೆ ಇರ್ಲಿ ಅಂತ.

ಅಜ್ಜಿ: ಅಲ್ಲಾಡಿಸಿದ್ದು ಯಾಕೆ? ಪರದೆ ಹಿಂದೆ ಗುಳುಗುಳು ಅಂದಿದ್ದು ಕೇಳಿಸ್ತು.

ಕಾಂಪೌಂಡರ್: ಅಡಿಯಲ್ಲಿ ಕೂತಿರುತ್ತಲ್ಲ, ಅದಕ್ಕೆ.

ಅಜ್ಜಿ: ಏನು ಕೂತಿರುತ್ತೆ ಅಡಿಯಲ್ಲಿ? ಅದನ್ನ ಹೇಳು ಮೊದಲು.

ಅವನು ಪುಟ್ಟ ಕಪ್ಪನ್ನು ಬಿರಡೆಯ ಮೇಲೆ ಬೋರಲು ಹಾಕಿದ. ಬಾಟಲಿಯನ್ನು ಹಾಗೆಯೇ ಹಿಡಿದುಕೊಂಡು ಅಡುಗೆಮನೆಗೆ ಬಂದ.

ಸೊಸೆ: ಕುಡಿದ್ರಾ?

ಕಾಂಪೌಂಡರ್: ವಿಚಾರಣೆ ಮಾಡಿದ್ಲು.

ಅಷ್ಟರಲ್ಲಿ ಸೊಸೆ ತನ್ನ ಹೋಳನ್ನು ದೊಡ್ಡ ತುಂಡುಗಳಾಗಿ ಹೆಚ್ಚಿ, ಚಾಕುವಿನ ತುದಿಯಿಂದ ಒಂದೊಂದೇ ಬೀಜ ಬಿಡಿಸಿ ಹಾಕಿದ್ದಳು. ತಿರುಳನ್ನು ಅಗಲವಾದ ಪಾತ್ರೆಯಲ್ಲಿ ಕೈಯಿಂದಲೇ ಕಿವುಚಿದಳು, ಮಿಕ್ಸಿಗೆ ಹಾಕಲಿಲ್ಲ, ಹಾಕಿದರೆ ನೊರೆ ಬಂದು ರುಚಿ ತೆಳ್ಳಗಾಗುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ ಜಗ್ಗಿಗೆ ಇಳಿಸಿ, ನಿಂಬೆಹಣ್ಣು ಹಿಂಡಿ, ಒಂದು ಚಿಟಿಕೆ ಉಪ್ಪು ಹಾಕಿದಳು. ಫ್ರಿಜ್ಜಿನಲ್ಲಿಟ್ಟರೆ ಅತ್ತೆಗೆ ಗಂಟಲು ಹಿಡಿಯುತ್ತದೆಂದು ಜಗ್ಗನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಹಿತ್ತಲಿನ ಕುಂಡದಿಂದ ಪುದೀನ ಎಲೆ ಕೀಳಲು ಹೋದಳು.

ಹಿಂತಿರುಗಿ ಬರುವಷ್ಟರಲ್ಲಿ ಜಗ್ಗಿನ ಹೊರಮೈಗೂ ಒಂದು ಹಲ್ಲುಪಟ್ಟಿ ಅಂಟಿಕೊಂಡಿತ್ತು.

ಸೊಸೆ: ಇದೇನು ವೇಷ?

ಕಾಂಪೌಂಡರ್: ಎಷ್ಟು ಇಳೀತು ಅಂತ ಗೊತ್ತಾಗಬೇಡ್ವಾ? ಉಪ್ಪೂ ಹಾಕಿದೀನಿ. ಚಮಚ ಮಟ್ಟವಾಗಿ ತುಂಬಿ, ಅಂಚಿಗೆ ಸಮ ಸವರಿ.

ಸೊಸೆ: ಉಪ್ಪು ನಾನು ಹಾಕಿ ಹೋಗಿದ್ದೆನಲ್ಲ.

ಕಾಂಪೌಂಡರ್: ಹಾಕಿದ ಮೇಲೆ ಹೇಳಬೇಕು. ಹೇಳದೆ ಹಾಕಿದ್ರೆ ಹಾಕಿದೀಯ ಅಂತ ನಾನು ಹೇಗೆ ತಿಳ್ಕೊಳ್ಳಲಿ?

ಸೊಸೆ ಲೋಟಕ್ಕೆ ಹೊಯ್ದುಕೊಂಡು, ಅತ್ತೆಗೆ ನಂಬಿಕೆ ಬರಲಿ ಎಂದು ಮಂಚದ ಮುಂದೆಯೇ ನಿಂತು ಒಂದು ಗುಟುಕು ಕುಡಿದಳು. ಕುಡಿದವಳ ಮುಖ ಹಿಂಡಿದ ನಿಂಬೆಯ ಸಿಪ್ಪೆಯಂತಾಯಿತು.

ಅಜ್ಜಿ: ಏನಾಯ್ತೇ?

ಸೊಸೆ: ಏನಿಲ್ಲ ಅತ್ತೆ. ಉಪ್ಪು ಎರಡು ಸಲ ಬಿದ್ದಿದೆ.

ಅಜ್ಜಿ: ಹಣ್ಣಿನ ರಸಕ್ಕೆ ಎರಡು ಸಲ ಉಪ್ಪಾ? ಈ ಮನೆ ಅಡುಗೆ ನನ್ನ ಕೈಲಿ ಇದ್ದಷ್ಟು ದಿನ ಯಾರಾದ್ರೂ ಮುಖ ಹೀಗೆ ಮಾಡಿದ್ರಾ? ಎಲ್ಲಿ, ಒಂದು ಚಮಚ ಕೊಡು.

ಸೊಸೆ: ಕುಡೀತೀರಾ?

ಅಜ್ಜಿ: ಯಾರು ಕುಡಿಯೋದು? ರುಚಿ ನೋಡ್ತೀನಿ, ಅಷ್ಟೆ.

ಅಜ್ಜಿ ಒಂದು ಚಮಚ ನೋಡಿದಳು. ಚಮಚದಲ್ಲಿ ಏನು ತಿಳಿಯುತ್ತದೆ, ಬಾಯಿ ತುಂಬ ಬೇಕು ಎಂದು ಲೋಟ ತೆಗೆದುಕೊಂಡಳು. ಉಪ್ಪು ನಾಲಿಗೆಗೆ ಬಡಿಯಿತೋ ಗಂಟಲಿಗೆ ಬಡಿಯಿತೋ ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಲೋಟದ ತಳ ಕಂಡಿತು. ಸಕ್ಕರೆ ಹಾಕಿ ತಾ ಎಂದು ಅಪ್ಪಣೆ ಕೊಟ್ಟಳು.

ಸೊಸೆ ಖಾಲಿ ಲೋಟವನ್ನು ನೋಡಿದಳು. ಅಡುಗೆಮನೆಗೆ ಬಂದು ಜಗ್ಗಿನ ಪಟ್ಟಿಯನ್ನು ನೋಡಿದಳು. ಸಕ್ಕರೆ ಡಬ್ಬಿಯನ್ನು ಜಗ್ಗಿಗೆ ಕೈತುಂಬ ಬಗ್ಗಿಸಿದಳು.

ಕಾಂಪೌಂಡರ್: ಅಯ್ಯೋ, ಅಷ್ಟು ಸಕ್ಕರೆ ಯಾಕೆ? ಎರಡು ಚಮಚ ಸಾಕಿತ್ತು.

ಸೊಸೆ: ಸಾಕಾಗಬಾರದು ಅಂತಲೇ ಹಾಕಿದ್ದು. ಸುಮ್ನಿರಿ.

ಅಜ್ಜಿ ಎರಡನೆಯ ಲೋಟ ಪೂರ್ತಿ ನೋಡಿದ ಮೇಲೆ, ಇದು ರಸವಲ್ಲ, ಇರುವೆಗಳ ಮದುವೆ ಊಟ ಎಂದಳು. ನಿಂಬೆ ಹಿಂಡಲು ಹೇಳಿದಳು. ಸೊಸೆ ಧಾರಾಳವಾಗಿ ಹಿಂಡಿದಳು. ಮೂರನೆಯ ಲೋಟಕ್ಕೆ ಅಜ್ಜಿಯ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಈ ವಯಸ್ಸಿನಲ್ಲೂ ಇವಳಿಗೆ ನಾನೇ ಹೇಳಿಕೊಡಬೇಕು ಎಂದು ಗೊಣಗುತ್ತ ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತಳು. ಕೆನ್ನೆಗೆ ಸ್ವಲ್ಪ ಬಣ್ಣವೂ ಬಂದಿತ್ತು.

ಅಡುಗೆಮನೆಯಲ್ಲಿ ಕಾಂಪೌಂಡರನ ತಾಳ್ಮೆ ಮುಗಿದಿತ್ತು. ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ.

ಕಾಂಪೌಂಡರ್: ಅರ್ಧಕ್ಕಿಂತ ಕೆಳಗೆ ಇಳಿದಿದೆ. ಎಲ್ಲಿ ಚೆಲ್ಲಿದೆ?

ಸೊಸೆ: ಮೆಲ್ಲಗೆ ಮಾತಾಡಿ. ಚೆಲ್ಲಲಿಲ್ಲ.

ಕಾಂಪೌಂಡರ್: ಅಮ್ಮ ಕುಡಿಯಲ್ಲ ಅಂತಾಳೆ, ನೀನು ಚೆಲ್ಲಿಲ್ಲ ಅಂತೀಯ. ಮತ್ತೆ ಹೋಗಿದ್ದೆಲ್ಲಿಗೆ? ಮೊದಲು ಉಪ್ಪು, ಆಮೇಲೆ ಸಕ್ಕರೆ, ಈಗ ಹುಳಿ. ಇಷ್ಟು ವರ್ಷದಲ್ಲಿ ನೀನು ಹೀಗೆ ಕೆಡಿಸಿದ್ದೇ ಇಲ್ಲ.

ಪರದೆಯಾಚೆ ಅಜ್ಜಿಯ ಕಿವಿ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಸೊಸೆ ಗಂಡನ ಕಡೆ ಕಣ್ಣು ಮಿಟುಕಿಸಿದಳು.

ಕಾಂಪೌಂಡರ್: ಕಣ್ಣಿಗೇನಾಯ್ತು? ನಿಂಬೆರಸ ಸಿಡೀತಾ?

ಅವಳು ಇನ್ನೊಮ್ಮೆ, ಇನ್ನೂ ಜೋರಾಗಿ ಮಿಟುಕಿಸಿದಳು. ಉಜ್ಜಬೇಡ, ಉಜ್ಜಬೇಡ ಎನ್ನುತ್ತ ಅವನು ತನ್ನ ಪೆಟ್ಟಿಗೆಯಿಂದ ಡ್ರಾಪ್ಸ್ ತಂದು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿ ಹಿಡಿದು, ಎರಡು ಕಣ್ಣಿಗೂ ಹನಿ ಬಿಟ್ಟ. ಸ್ವಲ್ಪ ಹೊತ್ತು ಕಣ್ಣು ತೆರೆಯಕೂಡದು ಎಂದ. ಅವಳು ಕುರುಡಿಯಂತೆ ಕೂತಿದ್ದ ಆ ಹೊತ್ತಿನಲ್ಲೇ ಕಂದು ಬಾಟಲಿಯ ರಸ ಸುರಿದು, ನೀರು ಬೆರೆಸಿ, ನಾಲಿಗೆಯ ತುದಿಗೆ ತಾಗಿಸಿ ನೋಡುತ್ತ ಜಗ್ಗಿನಲ್ಲಿದ್ದುದನ್ನು ಹದಕ್ಕೆ ತಂದ. ತಾನೇ ಲೋಟ ತುಂಬಿ ಒಳಗೆ ಕೊಟ್ಟ.

ಅಜ್ಜಿ ಒಂದೇ ಒಂದು ಗುಟುಕು ನೋಡಿದಳು.

ಅಜ್ಜಿ: ಹಾಂ. ಈಗ ಸರಿಯಾಯ್ತು. ಇನ್ನೇನೂ ಹಾಕಬೇಡಿ. ಮುಚ್ಚಿಡಿ, ಬಂದವರಿಗೆ ಕೊಡೋಕಾಗುತ್ತೆ.

ಎಂದವಳು ಲೋಟ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಕಾಂಪೌಂಡರ್ ಗೆದ್ದವನ ಹಾಗೆ ತಿರುಗಿ ನೋಡಿದರೆ, ಹೆಂಡತಿ ಪರದೆ ಹಿಡಿದು ನಿಂತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಡ್ರಾಪ್ಸಿನದೋ ಬೇರೆಯದೋ ತಿಳಿಯಲಿಲ್ಲ.

ಸೊಸೆ: ಸರಿಮಾಡಿಬಿಟ್ರಾ? ಕೆಟ್ಟಿದ್ದಷ್ಟು ಹೊತ್ತು ಕುಡೀತಿದ್ರು ರೀ.

ಅವನು ಹಲ್ಲುಪಟ್ಟಿಯನ್ನು ನೋಡಿದ. ತಾಯಿಯ ಬೆನ್ನನ್ನು ನೋಡಿದ. ಎಲ್ಲ ಅರ್ಥವಾಯಿತು, ಆದರೆ ಜಗ್ಗಿನಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಬಿಸಿಲು ಆಗಲೇ ಹೊಸ್ತಿಲಿನಿಂದ ಆಚೆಗೆ ಸರಿದಿತ್ತು. ನರ್ಸಮ್ಮ ಬರುವ ಹೊತ್ತು. ಸೊಸೆ ಮಂಚದ ಅಂಚಿನಲ್ಲಿ ಕೂತಳು.

ಸೊಸೆ: ಅತ್ತೆ, ನಿಮಗೆ ಬಾಯಾರಿಕೆ ಇದೆ. ನಾನು ನೋಡ್ದೆ. ಮತ್ತೆ ಯಾಕೆ ಕುಡಿಯಲ್ಲ?

ಅಜ್ಜಿ ಗೋಡೆಗೆ ಹೇಳುವವಳಂತೆ ಹೇಳಿದಳು.

ಅಜ್ಜಿ: ಕುಡಿಯೋದು ಬಾಯಿ ಕೆಲಸ. ಆಮೇಲೆ ಎದ್ದು ಹೋಗೋದು ಕಾಲಿನ ಕೆಲಸ. ನನ್ನ ಕಾಲು ಈಗ ನಿಮ್ಮ ಕೈಲಿದೆ.

ಕಾಂಪೌಂಡರ್: ಅದಕ್ಕೇನೀಗ? ನಾವಿಲ್ವಾ?

ಅಜ್ಜಿ: ಇದೀರಿ. ಮೊನ್ನೆ ರಾತ್ರಿ ನಾನು ಕರೆದಾಗಲೂ ಇದ್ರಿ. ಇವತ್ತು ಯಾರ ಸರದಿ ಅಂತ ಒಳಗೆ ಮಾತು ನಡೀತಿತ್ತು. ನಂಗೆ ಪೆಟ್ಟು ಬಿದ್ದಿರೋದು ಮಂಡಿಗೆ ಕಣೋ, ಕಿವಿಗಲ್ಲ. ಅವತ್ತೇ ಅಂದ್ಕೊಂಡೆ, ಒಳಗೆ ಹೋದ್ರೆ ತಾನೆ ಹೊರಗೆ ಹೋಗೋ ಮಾತು ಅಂತ.

ಬೋಗುಣಿಯ ನೀರಿನಲ್ಲಿ ಜಗ್ಗು ಟಣ್ ಎಂದಿತು.

ಸೊಸೆ: ನಾನು ಏಳ್ತಾನೇ ಇದ್ದೆ ಅತ್ತೆ. ಇವರೇ, ಹಿಂದಿನ ರಾತ್ರಿ ಎದ್ದಿದ್ದು ನಾನು ಅಂದ್ರು.

ಕಾಂಪೌಂಡರ್: ಎದ್ದಿದ್ದೆ, ಅಂದೆ. ಸುಳ್ಳಾ?

ಸೊಸೆ: ಎದ್ದು ಎಲ್ಲಿಗೆ ಹೋದ್ರಿ? ಕನ್ನಡಕ ಹುಡುಕಿದ್ರಿ. ನೀವು ಕನ್ನಡಕ ಹುಡುಕೋದ್ರಲ್ಲಿ ನಾನು ಅತ್ತೇನ ಕರ್ಕೊಂಡು ಹೋಗಿ, ಬಂದು, ಮಲಗಿಸಿ, ಹೊದಿಸಿ ಆಗಿತ್ತು.

ಕಾಂಪೌಂಡರ್: ಕನ್ನಡಕ ಇಲ್ಲದೆ ಹೋಗಿ ನಾನೂ ಜಾರಿ ಬಿದ್ರೆ? ಆಗ ಮಂಚ ಎರಡು ಬೇಕು.

ಸೊಸೆ: ಕನ್ನಡಕ ಹಣೆ ಮೇಲೇ ಇತ್ತು.

ಅಜ್ಜಿ ಮೆಲ್ಲಗೆ ಈ ಕಡೆಗೆ ತಿರುಗಿದಳು.

ಅಜ್ಜಿ: ನಿಮ್ಮ ಮಾತು ಕೇಳಿ ನನ್ನ ಬಾಯಿ ಒಣಗ್ತು. ಆ ಲೋಟ ಇತ್ತ ಕೊಡಿ.

ಸೊಸೆ ಲೋಟ ಕೊಟ್ಟಳು, ಜಗ್ಗನ್ನೂ ತಂದು ಪಕ್ಕದಲ್ಲಿಟ್ಟಳು, ಗಂಡನ ಕಡೆ ಕಣ್ಣು ಮಿಟುಕಿಸಿದಳು. ಈ ಸಲ ಕಾಂಪೌಂಡರ್ ಡ್ರಾಪ್ಸ್ ತರಲು ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು, ಹಣೆ ಮೇಲೆ ಕನ್ನಡಕ ಇಟ್ಟವಳೇ ನೀನು ಎಂದ. ಅಲ್ಲಿಂದ ಜಗಳ ಕನ್ನಡಕ ಬಿಟ್ಟು ಗೊರಕೆಗೆ ಹೋಯಿತು, ಗೊರಕೆಯಿಂದ ಹೊದಿಕೆ ಯಾರು ಎಳೆದುಕೊಳ್ಳುತ್ತಾರೆಂಬುದಕ್ಕೆ, ಹೊದಿಕೆಯಿಂದ ಹೊಸದಾಗಿ ಮದುವೆಯಾದಾಗ ಅವನು ಅವಳ ತಲೆನೋವಿಗೆ ಕಲಸಿ ಕೊಟ್ಟ ಔಷಧಿಗೆ. ಅದನ್ನು ಕುಡಿದು ಅವಳು ಮಾರನೆಯ ದಿನ ಮಧ್ಯಾಹ್ನದವರೆಗೆ ಮಲಗಿದ್ದಳಂತೆ. ಇಬ್ಬರೂ ಬೇಕೆಂದೇ ಶುರುಮಾಡಿದ ಜಗಳವಾದರೂ ನಡುವೆ ಎಲ್ಲೋ ನಿಜವಾಗಿಯೇ ಹತ್ತಿಕೊಂಡಿತು. ಅಜ್ಜಿ ಒಬ್ಬರ ಮುಖ ನೋಡಿ ಒಂದು ಗುಟುಕು, ಇನ್ನೊಬ್ಬರ ಮುಖ ನೋಡಿ ಒಂದು ಗುಟುಕು ಕುಡಿಯುತ್ತ, ಲೋಟ ಬರಿದಾದಾಗ ತಾನೇ ಜಗ್ಗಿನಿಂದ ಬಗ್ಗಿಸಿಕೊಳ್ಳುತ್ತ, ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವಳಂತೆ ಕೂತಿದ್ದಳು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ನರ್ಸಮ್ಮ ಒಳಗೆ ಬಂದು ಮೊದಲು ಜಗ್ಗು ನೋಡಿದರು. ಹಲ್ಲುಪಟ್ಟಿಯ ಕೊನೆಯ ಹಲ್ಲಿನ ಕೆಳಗೂ ಏನೂ ಇರಲಿಲ್ಲ, ಒಂದು ಪುದೀನ ಎಲೆ ತಳಕ್ಕೆ ಅಂಟಿಕೊಂಡಿತ್ತು.

ನರ್ಸಮ್ಮ: ಅಜ್ಜಿ, ಇಷ್ಟೂ ನೀವೇ ಕುಡಿದ್ರಾ?

ಅಜ್ಜಿ: ಒಂದು ಹನೀನೂ ಇಲ್ಲಮ್ಮ. ರುಚಿ ನೋಡಿದ್ದಷ್ಟೇ.

ನರ್ಸಮ್ಮ ನಾಲಿಗೆ ನೋಡಿದರು, ಕೈ ಮೇಲಿನ ಚರ್ಮ ಚಿವುಟಿ ನೋಡಿದರು, ನಾಡಿ ಹಿಡಿದರು. ಆಸ್ಪತ್ರೆಯ ಮಾತು ಬೇಡ, ನಾಳೆಯೂ ಹೀಗೆಯೇ ಇಷ್ಟು ರುಚಿ ನೋಡಲಿ ಎಂದರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಂಪೌಂಡರ್ ಬಾಟಲಿಯ ಅಂಟು ಬಿಡಿಸುವ ನೆಪದಲ್ಲಿ ಆ ಕಡೆ ತಿರುಗಿದ. ಅಜ್ಜಿ ಹೊದಿಕೆ ಸರಿಸಿದಳು.

ಅಜ್ಜಿ: ಆಯ್ತಲ್ಲ. ಈಗ ನನ್ನ ಎಬ್ಬಿಸಿ. ಯಾರ ಸರದಿ?

ಸೊಸೆ: ನಂದು.

ಕಾಂಪೌಂಡರ್: ನಂದು.

ಸೊಸೆ: ಬೆಳಿಗ್ಗೆ ಕರ್ಕೊಂಡು ಹೋಗಿದ್ದು ನೀವು. ಈಗ ನಾನು.

ಕಾಂಪೌಂಡರ್: ಕೊನೇಲಿ ಕುಡಿದ ರಸ ಹದ ಮಾಡಿದ್ದು ಯಾರು? ನಾನು. ಹಾಗಾದ್ರೆ ಸರದೀನೂ ನಂದೇ.

ಸೊಸೆ: ಕುಡಿಸಿದ್ದು ಯಾರು? ಮೊದಲ ಮೂರು ಲೋಟ ಕೆಡಿಸಿದ್ದು ಯಾರು? ಅದನ್ನ ಹೇಳಿ.

ಕಾಂಪೌಂಡರ್: ಉಪ್ಪು ಹಾಕಿ ಶುರುಮಾಡಿದೋನು ನಾನು. ಎರಡನೇ ಉಪ್ಪು ಬೀಳದಿದ್ರೆ ನಿನ್ನ ಉಪಾಯ ಎಲ್ಲಿ ಇರ್ತಿತ್ತು?

ಇಬ್ಬರೂ ಅಜ್ಜಿಯ ಒಂದೊಂದು ತೋಳು ಹಿಡಿದು ನಿಂತಿದ್ದರು. ಯಾರೂ ಬಿಡುವ ಹಾಗೆ ಕಾಣಲಿಲ್ಲ, ಯಾರೂ ಮುಂದೆ ನಡೆಯುವ ಹಾಗೂ ಕಾಣಲಿಲ್ಲ. ಅಜ್ಜಿ ಎರಡು ತೋಳನ್ನೂ ಬಿಡಿಸಿಕೊಂಡು ನರ್ಸಮ್ಮನ ಕಡೆ ಕೈ ಚಾಚಿದಳು.

ಅಜ್ಜಿ: ನೀನು ನಡಿಯಮ್ಮ ಹೋಗೋಣ. ಇವರದ್ದು ತೀರ್ಮಾನ ಆಗೋ ತನಕ ತಡೆಯೋ ಅಷ್ಟು ಕಮ್ಮಿಯೇನೂ ರುಚಿ ನೋಡಿಲ್ಲ ನಾನು.