ಬೇರಿಗೆ ಗಾಳಿ ಬೇಕು

ಎಲ್ಲಕ್ಕೂ ಕಾರಣ ಒಂದು ವಾಸನೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಹೆಂಡತಿಯ ಆರ್ಕಿಡ್ ಕುಂಡದ ಮೇಲೆ ಬಗ್ಗಿದ ವಿಚಾರಣೆಯವರಿಗೆ ಒದ್ದೆ ಕಾಲುಚೀಲದಂಥ ವಾಸನೆ ಬಂತು. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಪಾಚಿಯನ್ನು ಬೆರಳಿನಿಂದ ಸರಿಸಿ ನೋಡಿದರು. ಎರಡು ಬೇರು ಕಪ್ಪಾಗಿ, ಮುಟ್ಟಿದರೆ ಕಳಚುವಷ್ಟು ಮೆತ್ತಗಾಗಿದ್ದವು.

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವುದರಿಂದ ಕಟ್ಟಡಕ್ಕೆಲ್ಲ ಅವರು ವಿಚಾರಣೆಯವರು. ಯಾವ ಬಸ್ಸು ಎಲ್ಲಿಗೆ ಎಂದು ಊರಿಗೆಲ್ಲ ಖಡಾಖಂಡಿತ ಹೇಳುವ ಈ ಮನುಷ್ಯ, ಮನೆಯಲ್ಲಿ ಯಾವ ಅಂಗಿ ಹಾಕಲಿ ಎಂದು ಹೆಂಡತಿಯನ್ನು ಕೇಳುವವರು. ಆಕೆ ತಂಗಿಯ ಬಾಣಂತನಕ್ಕೆ ಹೋಗಿ ತಿಂಗಳಾಗಿತ್ತು. ಬಾಣಂತನ ಮಾಡಬೇಕಾದ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರಿಂದ ಅಕ್ಕನೇ ಹೋಗಬೇಕಾಯಿತು. ಈ ಆರ್ಕಿಡ್ ಆ ತಾಯಿ ಸಾಕಿದ ಗಿಡ. ವರ್ಷಕ್ಕೊಮ್ಮೆ ಹೂ ಬಿಡುವುದು. ಅವರು ಹೋದ ಮೇಲೆ ಇದೇ ಮೊದಲ ಹೂವಿನ ಕಾಲ.

“ಸಂಜೆ ಬಸ್ಸಿಗೆ ಬರ್ತೀನಿ ರೀ,” ಎಂದು ಆಕೆ ಆಗಷ್ಟೇ ಫೋನ್ ಮಾಡಿದ್ದಳು. “ಗಿಡ ಚೆನ್ನಾಗಿದೆ ತಾನೇ? ಈ ಸಲ ಒಂದೇ ಒಂದು ಹೂ ಬಿಟ್ರೂ ಸಾಕು, ಅಮ್ಮನ್ನ ನೋಡಿದ ಹಾಗಾಗತ್ತೆ.”

“ಚೆನ್ನಾಗಿದೆ, ಚೆನ್ನಾಗಿದೆ,” ಎಂದಿದ್ದರು ವಿಚಾರಣೆಯವರು, ಗಿಡದ ಕಡೆ ತಿರುಗಿಯೂ ನೋಡದೆ.

ಅವರನ್ನೇ ಬೈದು ಪ್ರಯೋಜನವಿಲ್ಲ. ಹವೆಗೇ ಬುದ್ಧಿ ನೆಟ್ಟಗಿರಲಿಲ್ಲ. ಬಿಸಿಲು, ಮಳೆ, ಧಗೆ ಮೂರೂ ಒಂದೇ ದಿನದಲ್ಲಿ ಪಾಳಿ ಹಚ್ಚಿಕೊಂಡು ಬರುತ್ತಿದ್ದವು. ಒಣಗಲು ಹಾಕಿದ ಟವೆಲ್ ಸಂಜೆಗೆ ಇನ್ನಷ್ಟು ಒದ್ದೆಯಾಗಿರುತ್ತಿತ್ತು. ಕಚೇರಿಗೆ ರಜೆ ಹೇಳಿ, ಕುಂಡ ಎತ್ತಿಕೊಂಡು ಅವರು ಮೆಟ್ಟಿಲಿಳಿದರು.

ಕೆಳಗಿನ ಮನೆಯಲ್ಲಿ ಔಷಧಿ ಅಂಗಡಿಯವರಿದ್ದರು. ಡಾಕ್ಟರುಗಳ ಕೈಬರಹ ಓದಿ ಓದಿ ತಾವೂ ಅರ್ಧ ಡಾಕ್ಟರಾದವರು. ಕಪ್ಪು ಬೇರನ್ನು ಕತ್ತರಿಸಿ ಹಾಕಿ, ಕೈ ತೊಳೆದುಕೊಂಡು ಬಂದು ಗಂಭೀರವಾಗಿ ಹೇಳಿದರು.

“ಪಾಚಿ ನೀರು ಹಿಡ್ಕೊಂಡು ಕೂತಿದೆ. ಬೇರಿಗೆ ಗಾಳಿ ಬೇಕು. ಇದ್ದಿಲು ಹಾಕಿ. ಕೊಳೆಯೋ ಮಾತೇ ಇಲ್ಲ.”

ಇದ್ದಿಲನ್ನೂ ಅವರೇ ಕೊಟ್ಟರು. ವಿಚಾರಣೆಯವರು ಪಾಚಿ ಕಿತ್ತು, ಇದ್ದಿಲು ತುಂಬಿ, ಮುಖವೆಲ್ಲ ಮಸಿ ಮಾಡಿಕೊಂಡು ಕುಂಡವನ್ನು ಬಾಲ್ಕನಿಯಲ್ಲಿಟ್ಟರು. ಇಟ್ಟದ್ದೇ ತಡ, ಸುಡುಬಿಸಿಲು ಬಂತು. ಇದ್ದಿಲು ಕಾದು, ಬೇರು ಬಿಳಿಚಿಕೊಂಡಿತು.

“ಯಾರ್ರೀ ಇದ್ದಿಲು ಹಾಕಿಸಿದ್ದು?” ಪಕ್ಕದ ಬಾಲ್ಕನಿಯಿಂದ ಭೂಗೋಳದ ಮೇಡಂ ಕೇಳಿದರು. ನಿವೃತ್ತರಾಗಿದ್ದರೂ ದನಿಗೆ ನಿವೃತ್ತಿ ಆಗಿರಲಿಲ್ಲ. “ಔಷಧಿಯವ್ರಿಗೆ ಹವಾಮಾನ ಏನು ಗೊತ್ತು? ಇಂಥಾ ಬಿಸಿಲಿಗೆ ತೇವ ಉಳೀಬೇಕು. ತೆಂಗಿನ ಸಿಪ್ಪೆ ಹಾಕಿ, ತುಂಡು ತುಂಡು ಮಾಡಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಇದ್ದಿಲು ಹೊರಗೆ, ಸಿಪ್ಪೆ ಒಳಗೆ. ಕೊನೆಯ ತುಂಡು ತುರುಕುವಷ್ಟರಲ್ಲಿ ಆಕಾಶ ಕಪ್ಪಿಟ್ಟು ಮಳೆ ಹುಯ್ಯಿತು. ಕುಂಡ ಒಳಗೆ ತರುವುದರೊಳಗೆ ಸಿಪ್ಪೆ ಕಂಠಪೂರ್ತಿ ಕುಡಿದು ಊದಿಕೊಂಡಿತ್ತು. ಹಿಂಡಿದರೆ ಲೋಟ ತುಂಬುವಷ್ಟು ನೀರು.

ಹಿಂಡುವ ಸದ್ದಿಗೆ ಎದುರು ಮನೆಯ ಬಡಗಿ ಬಾಗಿಲಲ್ಲಿ ನಿಂತ. “ಅಣ್ಣಾ, ಇದು ಮರದ ಮೇಲೆ ಬೆಳೆಯೋ ಗಿಡ. ಮರದ ತೊಗಟೆ ಬಿಟ್ಟು ಊರೆಲ್ಲ ಹುಡುಕ್ತೀರಲ್ಲ!” ಎಂದು ಒಂದು ಚೀಲ ತೊಗಟೆ ತಂದು ಸುರಿದ. ಇಷ್ಟರಲ್ಲಿ ಇದ್ದಿಲಿನ ಗತಿ ನೋಡಲು ಔಷಧಿಯವರೂ ಮೇಲೆ ಬಂದರು. ಸಿಪ್ಪೆಯ ಮಾನ ಕಾಯಲು ಮೇಡಂ ಕೂಡ ಬಂದರು.

“ತೊಗಟೆ ಮಳೆಗಾಲಕ್ಕೆ ಹುಳ ಹಿಡಿಯತ್ತೆ,” ಎಂದರು ಔಷಧಿಯವರು.

“ನಿಮ್ಮ ಇದ್ದಿಲಿಗೆ ಹುಳಾನೂ ಹತ್ರ ಬರಲ್ಲ!” ಎಂದರು ಮೇಡಂ.

“ಸಿಪ್ಪೆ ಹಾಕೋ ಬದಲು ಗಿಡಾನ ಬಕೆಟ್ಟಿನಲ್ಲೇ ಅದ್ದಿಡಬಹುದಿತ್ತು.”

ನಡುಮನೆಯಲ್ಲಿ ಹಳೆ ಪೇಪರಿನ ಮೇಲೆ ಗಿಡ ಬೇರು ಚೆಲ್ಲಿಕೊಂಡು ಬಿದ್ದಿತ್ತು. ಅದನ್ನು ನೋಡಿ ವಿಚಾರಣೆಯವರಿಗೆ ನಿಜವಾಗಿಯೂ ಅಳು ಬಂತು. “ಅವಳ ಅಮ್ಮಂದು ಅಂತ ಉಳಿದಿರೋದು ಇದೊಂದೇ,” ಎಂದರು. “ಮೂರೂ ಸೇರಿಸಿಬಿಡ್ತೀನಿ. ದಯವಿಟ್ಟು ಜಗಳ ಆಡಬೇಡಿ.”

ತೊಗಟೆ ಹೆಚ್ಚು, ಇದ್ದಿಲು ಅಷ್ಟಿಷ್ಟು, ಸಿಪ್ಪೆ ಒಂದು ಹಿಡಿ ಎಂದು ಒಪ್ಪಂದವಾಯಿತು. ಮಣ್ಣಿಗಿಡುವ ಹೊತ್ತಿನ ಮೌನದಲ್ಲಿ ನಾಲ್ವರೂ ಗಿಡವನ್ನು ಕುಂಡಕ್ಕಿಳಿಸಿದರು. ಆಗ ಔಷಧಿಯವರು ಕನ್ನಡಕ ಏರಿಸಿಕೊಂಡರು.

“ಈ ಕಡ್ಡಿಗಳೇನು? ಒಂದೆಲೆ ಇಲ್ಲ, ಮೈಯೆಲ್ಲ ಗಂಟು ಗಂಟು. ಇದು ರೋಗ.”

“ಒಣಗಿ ಹೋಗಿವೆ,” ಎಂದರು ಮೇಡಂ. “ಸುಮ್ನೆ ಗಿಡದ ಶಕ್ತಿ ಹೀರ್ತಾ ಇವೆ.”

“ಜೀವ ಇಲ್ಲದ ಮರ ಅಣ್ಣಾ, ತೆಗೀರಿ,” ಎಂದ ಬಡಗಿ.

ಇಡೀ ದಿನದಲ್ಲಿ ಮೂವರೂ ಜಗಳವಿಲ್ಲದೆ ಒಪ್ಪಿದ ಮಾತು ಇದೊಂದೇ. ಅನುಮಾನಕ್ಕೆ ಎಡೆಯೆಲ್ಲಿ? ವಿಚಾರಣೆಯವರು ಎಲೆಯಿದ್ದ ಹಸಿರು ಕಡ್ಡಿಗಳನ್ನು ಉಳಿಸಿ, ಬೋಳು ಕಡ್ಡಿಗಳನ್ನೆಲ್ಲ ಬುಡಕ್ಕೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು. ಬೆಳಗಿನಿಂದ ಮೊದಲ ಬಾರಿಗೆ ಮನಸ್ಸು ಹಗುರಾಯಿತು.

ಸಂಜೆ ಹೆಂಡತಿ ಬಂದವಳೇ ಚೀಲವನ್ನೂ ಇಳಿಸದೆ ಗಿಡದ ಹತ್ತಿರ ಹೋದಳು. ಮೂವರು ವೈದ್ಯರೂ ಬಾಗಿಲಲ್ಲಿ ಕಾದು ನಿಂತಿದ್ದರು. ಆಕೆ ಕುಂಡದೊಳಗೆ ಬೆರಳಿಟ್ಟು ನೋಡಿದಳು.

“ಎಷ್ಟು ಚೆನ್ನಾಗಿ ಹಾಕಿದ್ದೀರಿ! ನೀರೂ ನಿಲ್ಲಲ್ಲ, ಬೇಗ ಒಣಗೋದೂ ಇಲ್ಲ. ನನಗೂ ಇಷ್ಟು ಹದ ಬರ್ತಿರಲಿಲ್ಲ. ಯಾರು ಹೇಳ್ಕೊಟ್ರು?”

“ಇದ್ದಿಲು ನಂದು,” “ಸಿಪ್ಪೆ ನಾನು ಹೇಳಿದ್ದು,” “ತೊಗಟೇದೇ ಮಹಿಮೆ ಅಕ್ಕಾ,” ಎಂದು ಮೂರು ದನಿ ಒಟ್ಟಿಗೆ ಎದ್ದವು.

“ಆಮೇಲೆ... ಹಳೇ ಕಡ್ಡಿಗಳೆಲ್ಲಿ?”

“ರೋಗ ಬಂದಿತ್ತು, ತೆಗೆದುಬಿಟ್ಟೆ. ಎಲೆ ಇರಲಿಲ್ಲ, ಬರೀ ಗಂಟು,” ಎಂದರು ವಿಚಾರಣೆಯವರು ಹೆಮ್ಮೆಯಿಂದ.

ಆಕೆ ನಿಧಾನವಾಗಿ ನೆಲದ ಮೇಲೆ ಕೂತಳು. “ಎಲೆ ಉದುರಿದ ಕಡ್ಡೀಲೇ ಕಣ್ರೀ ಇದು ಹೂ ಬಿಡೋದು. ಆ ಗಂಟೇ ಮೊಗ್ಗು.”

“ಯಾರು ಕತ್ತರಿಸು ಅಂದಿದ್ದು?” ಎಂದು ಆಕೆ ಕೇಳಿದಳು. ಔಷಧಿಯವರು ತಾವು ಹೇಳಿದ್ದು ಇದ್ದಿಲಿನ ವಿಷಯ ಮಾತ್ರ ಎಂದರು. ಮೇಡಂಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಬಡಗಿ ಖಾಲಿ ಚೀಲ ಮಡಚಿಕೊಂಡ. ಬಾಗಿಲು ಖಾಲಿಯಾಯಿತು. ಮೆಟ್ಟಿಲ ಮೇಲೆ, ಇದ್ದಿಲು ಹೆಚ್ಚೋ ತೊಗಟೆ ಹೆಚ್ಚೋ ಎಂಬ ವಾದ ಮತ್ತೆ ಶುರುವಾದದ್ದು ಕೇಳಿಸುತ್ತಿತ್ತು.

ಆಕೆ ಕಸದ ಬುಟ್ಟಿಯಿಂದ ಕಡ್ಡಿಗಳನ್ನು ಆರಿಸಿ ಸೆರಗಿನಲ್ಲಿ ಒರೆಸಿದಳು. ಒಂದರ ಗಂಟು ಬಿರಿದು ಒಳಗಿನ ನೇರಳೆ ಬಣ್ಣ ಗೆರೆಯಷ್ಟು ಕಾಣುತ್ತಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ವಿಚಾರಣೆಯವರೂ ಪಕ್ಕದಲ್ಲಿ ಕೂತರು.

“ಉಳಿದಿರೋ ಕಡ್ಡೀಲಿ ಬರಲ್ವಾ?”

“ಬರತ್ತೆ. ಅದರ ಎಲೆ ಉದುರಬೇಕು. ಬರೋ ವರ್ಷ.”

“ಅಲ್ಲೀತನಕ?”

“ಅಲ್ಲೀತನಕ ನೀವೇ ನೋಡ್ಕೊಳ್ಳಿ,” ಎಂದಳು ಆಕೆ, ಕಣ್ಣು ಒರೆಸಿಕೊಳ್ಳುತ್ತ. “ಬೇರಿಗೆ ಗಾಳಿ ಚೆನ್ನಾಗಿ ಆಡ್ತಾ ಇದೆ.”

ಅದು ಬೈಗುಳವೋ ಮೆಚ್ಚುಗೆಯೋ ಎಂದು ಕೇಳೋಣವೆಂದರೆ ವಿಚಾರಣೆಯವರಿಗೆ ಇನ್ನು ಯಾರನ್ನೂ ಏನನ್ನೂ ಕೇಳುವ ಧೈರ್ಯ ಉಳಿದಿರಲಿಲ್ಲ.